ಎತ್ತಿ ಹಿಡಿದ ಬೆರಳು

ಅವತ್ತು ನಮ್ಮ ಓಣಿಗೆ ನೀರು ಬರುವ ದಿನ. ಹೈದರಾಬಾದಿನ ಜೀಡಿಮೆಟ್ಲಾದ ನಮ್ಮ ಕಡೆ ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ದಿನ ಎಲ್ಲರ ಮನೆಯ ಮೋಟಾರು ಒಟ್ಟಿಗೆ ಶುರುವಾಗಿ, ಒಬ್ಬರು ಆಡಿದ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಕೆಳಗಿನ ಮನೆಯ ಸರ್ ಬಾಗಿಲಲ್ಲಿ ನಿಂತು ಎದುರು ಮನೆಯವರ ಜೊತೆ ಎಂದಿನಂತೆ ಜಗಳ ತೆಗೆದಿದ್ದರು. ಪೈಪಿಗೇ ಮೋಟಾರು ಹಚ್ಚಿ ಎಳೆದುಕೊಂಡರೆ ಓಣಿಯ ಕಡೆಯ ಮನೆಗಳಿಗೆ ಹನಿ ನೀರೂ ಹೋಗುವುದಿಲ್ಲ ಎಂಬುದು ಅವರ ತಕರಾರು. ಕಡೆಯ ಮನೆಗಳವರು ಯಾರೂ ಅವರಿಗೆ ನಮ್ಮ ಪರ ಜಗಳಾಡಿ ಅಂದಿರಲಿಲ್ಲ.

ನಾನು ಮೇಲಿನ ಮಹಡಿಯಿಂದ ಬುತ್ತಿ ಡಬ್ಬಿ ಹಿಡಿದು ಇಳಿದೆ. ಜಗಳ ಅರ್ಧಕ್ಕೆ ಬಿಟ್ಟು ನನ್ನ ಕಡೆ ತಿರುಗಿದರು.

"ಮಾದೇವಿ, ನೀ ನಿನ್ನೆ ಬರೆದ ಇಂಗ್ಲಿಷ್ ರಿಪೋರ್ಟ್ ನೋಡೇನಿ. ಸಾಲಿಗೊಂದು ಅಂಡ್ ಹಾಕಿದಿ. ಎಲ್ಲಾ ವಾಕ್ಯ ಒಂದ ಹಗ್ಗಕ್ಕ ಕಟ್ಟಿ ಸಂತಿಗೆ ಹೊಡಕೊಂಡು ಹೊಂಟಂಗ ಐತಿ."

"ಕಟ್ಟಿದ್ರ ಒಂದೂ ತಪ್ಪಿಸಿಕೊಳ್ಳಂಗಿಲ್ಲಲ್ರಿ ಸರ" ಅಂದೆ.

"ಮಾತಿಗೇನು ಕಡಿಮಿಲ್ಲ. ಸಂಜಿಕ ಬಾ."

ನಾನು ಗುಳಿಗೆ ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸೇಡಂ ಕಡೆಯ ಹಳ್ಳಿಯಲ್ಲಿ ಕನ್ನಡದಲ್ಲಿ ಹತ್ತನೇ ಇಯತ್ತೆಯವರೆಗೆ ಓದಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು. ನಮ್ಮಲ್ಲಿ ಪಾಳಿ ಮುಗಿದ ಮೇಲೆ ಯಂತ್ರ ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂದು ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ಅದು ಬಂದವರಿಗಷ್ಟೇ ಲೈನಿನ ಜವಾಬ್ದಾರಿ ಸಿಗುತ್ತದೆ. ನನಗೆ ಅದು ಸಿಕ್ಕು ಕೆಲವು ವರ್ಷಗಳಾಗಿದ್ದವು. ಆದರೂ ಮನೆಗೆ ಬಂದು ಅವತ್ತಿನದನ್ನು ನೆನಪಿನಿಂದ ಇನ್ನೊಮ್ಮೆ ಹಾಳೆಯ ಮೇಲೆ ಬರೆದು ಸರ್‌ಗೆ ತೋರಿಸುತ್ತಿದ್ದೆ. ಬೇಕಾಗಿರಲಿಲ್ಲ. ರೂಢಿಯಾಗಿತ್ತು.

ಸಂಜೆ ಹೋದಾಗ ಅವರ ಹೊರಗಿನ ಕೋಣೆಯಲ್ಲಿ ಟ್ಯೂಷನ್ನಿನ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಶ್ರಾವಣಿ ಎಂಬ ಹುಡುಗಿ ಎದ್ದು ನಿಂತಿದ್ದಳು. ಸರ್ ತಮ್ಮ ಬಿಪಿ ಗುಳಿಗೆಯ ಡಬ್ಬಿಯೊಳಗೆ ಮಡಚಿಟ್ಟ ಮಾಹಿತಿ ಕಾಗದ ಬಿಚ್ಚಿ, ಅದರ ಇರುವೆಯಂಥ ಅಕ್ಷರಗಳಲ್ಲಿ ಒಂದು ವಾಕ್ಯ ಓದಿಸಿದ್ದರು. ಗುಳಿಗೆಯನ್ನು ಪುಡಿಯೂ ಮಾಡಬಾರದು, ಅಗಿಯಲೂ ಬಾರದು ಎಂಬ ಅರ್ಥದ ವಾಕ್ಯ. ಅದರಲ್ಲಿ ನೈದರ್ ಎಲ್ಲಿದೆ ಎಂದು ಹುಡುಗಿ ತೋರಿಸಿದ್ದಳು. ಅದರ ಜೋಡಿ ಎಲ್ಲಿದೆ ಎಂದು ಹುಡುಕುತ್ತಿದ್ದಳು.

ಸರ್ ಬಲಗೈಯ ತೋರುಬೆರಳು ಎತ್ತಿ ಹಿಡಿದು ಕೂತಿದ್ದರು.

ಆ ಬೆರಳಿನ ಬಗ್ಗೆ ಹೇಳಬೇಕು. ಇಂಗ್ಲಿಷಿನಲ್ಲಿ ಮಾತಿಗೆ ಮಾತು ಜೋಡಿಸುವ ಪದಗಳನ್ನು ಅವರು ಎರಡು ಪಾಲು ಮಾಡಿದ್ದರು. ಅಂಡ್, ಬಟ್, ಆರ್, ಸೋ, ಇವು ಒಂಟಿಯಾಗಿ ಕೆಲಸ ಮಾಡುವವು. ಇವಕ್ಕೆ ಕೊಂಡಿ ಎನ್ನುತ್ತಿದ್ದರು. ರೈಲಿನ ಎರಡು ಡಬ್ಬಿಗಳ ನಡುವೆ ಇರುತ್ತದಲ್ಲ, ಆ ಕೊಂಡಿ. ಐದರ್ ಬಂದರೆ ಆರ್, ನೈದರ್ ಬಂದರೆ ನಾರ್, ಬೋತ್ ಬಂದರೆ ಅಂಡ್, ನಾಟ್ ಓನ್ಲಿ ಬಂದರೆ ಬಟ್ ಆಲ್ಸೋ, ಇವು ಎರಡೆರಡಾಗಿ ಬರುವವು. ಇವಕ್ಕೆ ಜೋಡು ಎನ್ನುತ್ತಿದ್ದರು. ನಮ್ಮ ಕಡೆ ಕಾಲಿಗೆ ಹಾಕುವ ಚಪ್ಪಲಿಗೂ ಹಾಗೇ ಅನ್ನುತ್ತೇವೆ. "ಬಾಗಿಲ ಮುಂದ ಒಂದು ಕಂಡ್ರ ಇನ್ನೊಂದು ಅಲ್ಲೇ ಎಲ್ಲೋ ಬಿದ್ದಿರತೈತಿ. ಹುಡುಕ್ರಿ" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಜೋಡಿನ ಮೊದಲನೆಯದು ಸಿಕ್ಕ ಕೂಡಲೇ ಅವರ ಬೆರಳು ಮೇಲೇಳುತ್ತಿತ್ತು. ಎರಡನೆಯದು ಸಿಗುವವರೆಗೆ ಇಳಿಯುತ್ತಿರಲಿಲ್ಲ. ಕೈ ನೋಯುತ್ತಿತ್ತೋ ಏನೋ. ಎಷ್ಟೋ ಸಲ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡು ಕೂತಿದ್ದನ್ನು ನೋಡಿದ್ದೇನೆ.

ಶ್ರಾವಣಿಯ ಹಿಂದೆ ಕೂತವರು ಪಿಸುಗುಟ್ಟತೊಡಗಿದರು. ಸರ್ ಬೆರಳು ಇಳಿಸದೆ ಅವರ ಕಡೆ ನೋಡಿದರು. "ಕೋಯೀ ನಕ್ಕೋ ಬೋಲೋ, ಯಾರೂ ಹೇಳಬ್ಯಾಡ್ರಿ. ಅದು ಅಕಿ ಉತ್ತರ." ಮತ್ತೆ ಹುಡುಗಿಗೆ ತೆಲುಗಿನಲ್ಲಿ, "ತೊಂದರ ಲೇದಮ್ಮಾ" ಅಂದರು. ಅವಸರವಿಲ್ಲ ಎಂದು ಅದರ ಅರ್ಥ. ಊರಿಂದ ಹೊಸದಾಗಿ ಬಂದಾಗ ನಾನು ಅದನ್ನು ಕನ್ನಡದ ಕಿವಿಯಿಂದ ಕೇಳಿ, ತೊಂದರೆಯೇನಿಲ್ಲ ಅನ್ನುತ್ತಿದ್ದಾರೆ ಎಂದೇ ತಿಳಿದುಕೊಂಡಿದ್ದೆ. ಎರಡೂ ಒಂದೇ ಅನ್ನಿಸುತ್ತಿತ್ತು ಅವರ ಬಾಯಲ್ಲಿ.

ಒಳಗಿನಿಂದ ಅಕ್ಕಾರು, ಅಂದರೆ ಸರ್ ಅವರ ಹೆಂಡತಿ, ಚಹಾ ತಂದಿಟ್ಟು, "ಗುಳಿಗಿ ನುಂಗೀರೋ, ಬರೇ ಅದರ ಕಾಗದ ಓದಿಸಿ ಇಟ್ಟೀರೋ" ಅಂದರು. ಮಕ್ಕಳು ನಕ್ಕರು. ಸರ್ ನಗಲಿಲ್ಲ. ಬೆರಳು ಮೇಲೆಯೇ ಇತ್ತು. ಚಹಾ ಕೆನೆಗಟ್ಟಿತು. ಕೊನೆಗೆ ಶ್ರಾವಣಿ ಮೆಲ್ಲಗೆ, "ನಾರ್, ಸರ್" ಅಂದಳು. ಬೆರಳು ಇಳಿಯಿತು.

"ಬಂತಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ" ಅಂದರು ಸರ್. ಯಾರೇ ಉತ್ತರ ಹೇಳಲಿ, ಅವರ ಮೆಚ್ಚುಗೆ ಅಷ್ಟೇ. ಗುಡ್, ವೆರಿ ಗುಡ್ ಎಂದು ಅವರು ಅಂದದ್ದು ನಾನು ಕೇಳಿಲ್ಲ.

ನಾನು ಹಾಳೆ ಕೊಟ್ಟೆ. ತಿದ್ದಿದರು. ಕೆಂಪು ಶಾಯಿ ಅವರ ಬೆರಳ ತುದಿಗೆ ಹತ್ತಿತ್ತು. ನಾನು ಮೇಲೆ ಹೋಗಿ ಅಡುಗೆ ಮಾಡಿದೆ. ಅಷ್ಟೇ. ಆ ದಿನದಲ್ಲಿ ಬೇರೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಲೋಟ ಬಿದ್ದ ಸದ್ದು, ಅದರ ಹಿಂದೆ ಅಕ್ಕಾರ ದನಿ ಕೇಳಿ ಓಡಿ ಇಳಿದೆ. ಸರ್ ಕುರ್ಚಿಯಲ್ಲಿ ಬಲಕ್ಕೆ ವಾಲಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಏನೋ ಹೇಳಲು ನೋಡುತ್ತಿದ್ದರು, ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಟೋದಲ್ಲಿ ನನ್ನ ಗಂಡ ಮುಂದೆ ಕೂತ, ನಾನೂ ಅಕ್ಕಾರೂ ಸರ್‌ನ ನಡುವೆ ಕೂರಿಸಿಕೊಂಡೆವು. ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿದೆ ಎಂದು ದವಾಖಾನೆಯಲ್ಲಿ ಹೇಳಿದರು. ಜೀವ ಉಳಿಯಿತು. ಬಲಗೈ ಹೋಯಿತು. ಮಾತೂ ಹೋಯಿತು.

ಸರ್ ಮೂಲತಃ ಕಲಬುರಗಿ ಜಿಲ್ಲೆಯವರು. ಹೈದರಾಬಾದಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕನ್ನಡದವರು, ತೆಲುಗಿನವರು, ಉರ್ದು ಮನೆಯವರು ಎಲ್ಲರ ಮಕ್ಕಳೂ ಆ ಕೋಣೆಗೆ ಬರುತ್ತಿದ್ದರು. ಒಮ್ಮೆ ಮಕ್ಕಳು ಬೇಕಂತಲೇ ಅವರ ಒಂದು ಚಪ್ಪಲಿ ಬಚ್ಚಿಟ್ಟರು. ಸರ್ ಉಳಿದ ಒಂದನ್ನೇ ಮೆಟ್ಟಿ, ಇನ್ನೊಂದು ಕಾಲು ಬರಿಗಾಲಲ್ಲಿ ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೋಗಿ ಬಂದರು. ಅಂಗಡಿಯವನು ಏನಾಯಿತು ಸರ್ ಎಂದು ಕೇಳಿದರೆ, "ನೈದರ್ ಸಿಕ್ಕೈತಿ. ನಾರ್ ಹುಡುಗರ ಹತ್ರ ಐತಿ" ಅಂದರಂತೆ. ಅವನಿಗೆ ಏನೂ ತಿಳಿಯಲಿಲ್ಲ. ಮಕ್ಕಳು ಮಾತ್ರ ಆ ಎರಡು ಪದಗಳನ್ನು ಆಮೇಲೆ ಮರೆಯಲಿಲ್ಲ.

ಇದು ಕೇಳಿ ಅವರು ಬಹಳ ಹಸನ್ಮುಖಿ ಎಂದು ತಿಳಿಯಬಾರದು. ಮೊಂಡರು. ಟಿ.ವಿ.ಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಿದರೆ ಪಟ್ಟನೆ ಬಂದ್ ಮಾಡಿಬಿಡುತ್ತಿದ್ದರು, ನೋಡುತ್ತಿದ್ದವರು ಅಕ್ಕಾರು ಎಂಬುದನ್ನೂ ಲೆಕ್ಕಿಸದೆ. ಹಾಗೆ ನೋಡಿದರೆ ಅಕ್ಕಾರ ಮಾತನ್ನು ಅವರೇ ಪೂರ್ತಿ ಮಾಡಲು ಬಿಡುತ್ತಿರಲಿಲ್ಲ. ಅಕ್ಕಾರು ಸಂತೆಯ ಸುದ್ದಿ ಶುರು ಮಾಡಿದರೆ, "ಗೊತ್ತಾತು, ಟೊಮೇಟೊ ತುಟ್ಟಿ ಆಗೈತಿ" ಎಂದು ಮುಗಿಸಿಬಿಡುತ್ತಿದ್ದರು.

"ಮಂದಿ ಮಕ್ಕಳಿಗೆ ಬೆರಳು ಎತ್ತಿ ಕಾಯತಾರ. ನನಗ ಒಂದು ಮಾತು ಕಾಯಂಗಿಲ್ಲ" ಎಂದು ಅಕ್ಕಾರು ನನ್ನ ಹತ್ತಿರ ಹೇಳುತ್ತಿದ್ದರು, ಸರ್‌ಗೆ ಕೇಳುವ ಹಾಗೆ.

"ನೀ ಏನ್ ಹೇಳ್ತಿ ಅಂತ ನನಗ ಗೊತ್ತಿರತೈತಿ" ಎನ್ನುತ್ತಿದ್ದರು ಸರ್.

"ಗೊತ್ತಿದ್ರೇನಾತು. ಹೇಳೋದು ನನ್ನ ಬಾಯಿ ಅಲ್ಲೇನು?"

ಆಗ ನಾನು ಈ ಮಾತಿಗೆ ನಕ್ಕಿದ್ದೆ.

ನನಗೆ ಅವರು ಕಾದದ್ದು ಹೇಳುತ್ತೇನೆ. ನಾನು ಮೊದಲ ಸಲ ಅವರ ಕೋಣೆಗೆ ಹೋದಾಗ ಚಾಪೆಯ ಮೇಲಿನ ಮಕ್ಕಳೆಲ್ಲ ನನ್ನ ಅರ್ಧ ವಯಸ್ಸಿನವರು. ಸೀರೆ ಸೆರಗು ಹೊದ್ದು ಅವರ ನಡುವೆ ಕೂತಿದ್ದೆ. ಸರ್ ಹಲಗೆಯ ಮೇಲೆ ಒಂದು ವಾಕ್ಯ ಬರೆದರು. ಬಸ್ ಬಂತು, ಆದರೆ ನಿಲ್ಲಲಿಲ್ಲ ಎಂಬ ಅರ್ಥದ್ದು. ಕೊಂಡಿ ಎಲ್ಲಿದೆ ಎಂದು ನನ್ನನ್ನು ಕೇಳಿದರು. ಬಸ್ ಗೊತ್ತಾಯಿತು, ಬೇರೆ ಏನೂ ಗೊತ್ತಾಗಲಿಲ್ಲ. ಎದ್ದು ನಿಂತೆ. ನಾಚಿಕೆಗೆ ಅಕ್ಷರಗಳೇ ಕಾಣಲಿಲ್ಲ. ಸರ್ ನನ್ನ ಮುಖ ನೋಡದೆ ಶೇಂಗಾ ಸುಲಿಯತೊಡಗಿದರು. ಕಾಳು ಒಂದು ತಟ್ಟೆಗೆ, ಸಿಪ್ಪೆ ಪೇಪರಿಗೆ. ಮಕ್ಕಳು ಹೊತ್ತಾಯಿತೆಂದು ಎದ್ದು ಹೋದರು. ಅಕ್ಕಾರು ದೇವರ ಮುಂದೆ ದೀಪ ಹಚ್ಚಿದರು. ತಟ್ಟೆ ತುಂಬಿತು. ನನಗೆ ಇನ್ನೂ ತಿಳಿದಿರಲಿಲ್ಲ. ಬಸ್ ಬಂತು ಅನ್ನುವುದನ್ನು ಬೆರಳಿನಿಂದ ಮುಚ್ಚಿದೆ, ನಿಲ್ಲಲಿಲ್ಲ ಅನ್ನುವುದನ್ನು ಮುಚ್ಚಿದೆ, ನಡುವೆ ಒಂದು ಸಣ್ಣ ಪದ ಉಳಿಯಿತು.

"ಬಟ್?" ಅಂದೆ.

"ಬಂತಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ" ಅಂದರು. ತಟ್ಟೆಯ ಶೇಂಗಾ ನನ್ನ ಸೆರಗಿಗೆ ಸುರಿದು ಮನೆಗೆ ಕಳಿಸಿದರು.

ಮಾತು ಹೋದ ಮೇಲೆ ಸರ್‌ನ ಸಿಕಂದರಾಬಾದಿನಲ್ಲಿ ಮಾತು ಕಲಿಸುವ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ಯಬೇಕಾಗುತ್ತಿತ್ತು. ಅಕ್ಕಾರಿಗೆ ಮೊಣಕಾಲು ನೋವು. ಸೊಲ್ಲಾಪುರದಲ್ಲಿರುವ ಮಗಳು ಬಂದು ತನ್ನಿಂದಾದಷ್ಟು ದಿನ ಇದ್ದು ಹೋಗಿದ್ದಳು. ಹಾಗಾಗಿ ನನ್ನ ವಾರದ ರಜೆಯಲ್ಲಿ ನಾನೇ ಕರೆದೊಯ್ಯುತ್ತಿದ್ದೆ. ಅದನ್ನು ಖುಷಿಯಿಂದಲೇ ಮಾಡಿದೆ. ಅದರಲ್ಲಿ ಸುಳ್ಳಿಲ್ಲ.

ಮೆಲ್ಲಗೆ ಕೆಲವು ಪದ ಬಂದವು. ಚಹಾ. ನೀರು. ಮಗಳು. ಮೋಟಾರು. ವಸ್ತುಗಳ ಹೆಸರು ಬಂದವು, ಅವನ್ನು ಜೋಡಿಸುವುದು ಬರಲಿಲ್ಲ. ನಮ್ಮ ಮಾತಿನಲ್ಲಿ ಜೋಡಿಸುವುದು ಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ಚಹಾನೂ ಬಿಸ್ಕೀಟೂ ಅನ್ನುತ್ತೇವೆ, ಚಹಾನೋ ಕಾಫಿನೋ ಅನ್ನುತ್ತೇವೆ. ಸರ್ ಬಾಯಲ್ಲಿ ಆ ಬಾಲಗಳು ಉದುರಿಹೋಗಿದ್ದವು. "ಚಹಾ" ಅನ್ನುವರು, ನಿಲ್ಲುವರು, ಹುಡುಕುವರು, "ಬಿಸ್ಕೀಟು" ಅನ್ನುವರು. ನಡುವೆ ಅವರ ಮುಖದಲ್ಲಿ ಏನು ನಡೆಯುತ್ತಿತ್ತು ಎಂದು ನೋಡಲು ಆಗುತ್ತಿರಲಿಲ್ಲ. ಇಡೀ ಜೀವಮಾನ ಕೊಂಡಿ ಹುಡುಕಿಸಿದ ಮನುಷ್ಯ ಅವರು.

ಅವರಿಗೂ ಅದು ಗೊತ್ತಿತ್ತು. ಒಂದು ದಿನ ಡಾಕ್ಟರಮ್ಮನಲ್ಲಿಂದ ಬರುವಾಗ ಸ್ಟೇಷನ್ನಿನ ಹತ್ತಿರದ ಮೇಲ್ಸೇತುವೆಯಲ್ಲಿ ಸುಸ್ತಾಗಿ ನಿಂತರು. ಕೆಳಗೆ ಒಂದು ರೈಲು ನಿಂತಿತ್ತು. ಸರ್ ಡಬ್ಬಿಗಳ ನಡುವಿನ ಜಾಗ ತೋರಿಸಿದರು. ಆಮೇಲೆ ಎಡಗೈಯ ತೋರುಬೆರಳನ್ನು ಬಗ್ಗಿಸಿ, ಸತ್ತಂತೆ ಜೋತಿದ್ದ ಬಲಗೈಯ ಬೆರಳಿಗೆ ಕೊಕ್ಕೆ ಹಾಕಿ, ನನ್ನ ಮುಖ ನೋಡಿದರು. ಬಲಗೈ ಜಾರಿ ಕೆಳಗೆ ಬಿತ್ತು. ಮತ್ತೆ ಹಾಕಿದರು. ನಾನು ಆ ಎರಡೂ ಕೈಗಳನ್ನು ನನ್ನ ಕೈಯಿಂದ ಮುಚ್ಚಿ, "ಹೋಗೋಣು ನಡ್ರಿ ಸರ, ಬಿಸಲೈತಿ" ಅಂದೆ. ಅವರು ಇನ್ನೂ ಏನೋ ತೋರಿಸುವುದಿತ್ತೇನೋ. ನಾನು ನಡೆಸಿಕೊಂಡು ಹೊರಟೆ.

ನಾನು ಮಾಡುತ್ತಿದ್ದದ್ದೇ ಹಾಗೆ. ನಮ್ಮ ಪ್ಯಾಕಿಂಗ್ ಲೈನಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾಲಾಗಿ ಕುಳಿಗಳು ಬರುತ್ತವೆ. ಕುಳಿಗೆ ಒಂದರಂತೆ ಗುಳಿಗೆ ಬೀಳುತ್ತದೆ. ಮುಂದೆ ಹೋಗಿ ಅದರ ಮೇಲೆ ಫಾಯಿಲು ಅಂಟುತ್ತದೆ. ಎಲ್ಲೋ ಒಂದು ಕುಳಿ ಖಾಲಿ ಬಂದರೆ, ಫಾಯಿಲು ಅಂಟುವುದರೊಳಗೆ ಅದನ್ನು ಕೈಯಿಂದ ತುಂಬಬೇಕು. ಈ ಕೆಲಸದಲ್ಲಿ ನನ್ನಷ್ಟು ಚುರುಕು ನಮ್ಮ ಲೈನಿನಲ್ಲಿ ಯಾರೂ ಇರಲಿಲ್ಲ. ಕಣ್ಣು ಖಾಲಿ ಕುಳಿ ಕಾಣುವ ಮೊದಲೇ ಕೈ ಹೋಗಿರುತ್ತಿತ್ತು. ಸರ್ "ಚಹಾ" ಎಂದು ನಿಂತರೆ ನಾನು "ಬಿಸ್ಕೀಟೂ ಬೇಕೇನ್ರಿ" ಅನ್ನುತ್ತಿದ್ದೆ. "ಮಗಳು" ಎಂದು ನಿಂತರೆ "ಫೋನ್ ಹಚ್ಚಲೇನ್ರಿ" ಅನ್ನುತ್ತಿದ್ದೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಸರ್ ತಲೆಯಾಡಿಸುತ್ತಿದ್ದರು. ಓಣಿಯವರು, "ಸರ್ ಮನಸ್ಸಿನಾಗ ಏನೈತಿ ಅಂತ ಮಾದೇವಿಗೆ ಗೊತ್ತಾಗತೈತಿ ನೋಡ್ರಿ" ಅನ್ನುತ್ತಿದ್ದರು. ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು.

ಡಾಕ್ಟರಮ್ಮ ಒಂದು ದಿನ ಹಿಂದಿಯಲ್ಲಿ ಕೇಳಿದರು, "ನೀವು ಎಲ್ಲಿ ಕೆಲಸ ಮಾಡುತ್ತೀರಿ?" ಲೈನು, ಖಾಲಿ ಕುಳಿ ತುಂಬುವುದು ಎಲ್ಲ ಹೇಳಿದೆ. ನಕ್ಕರು. "ಇಲ್ಲಿ ಲೈನ್ ಓಡುತ್ತಿಲ್ಲ. ಅವರು ನಿಂತಾಗ ನೀವೂ ನಿಲ್ಲಿ. ನೀವು ತುಂಬಿಕೊಟ್ಟ ಮಾತು ಅವರದ್ದಾಗುವುದಿಲ್ಲ. ಹುಡುಕಿದರಷ್ಟೇ ಅವರಿಗೆ ಸಿಗುತ್ತದೆ."

ಆಗಲಿ ಅಂದೆ. ನಿಲ್ಲಲು ನೋಡಿದೆ. ಎರಡು ಪದಗಳ ನಡುವಿನ ಆ ಮೌನದಲ್ಲಿ ಅವರ ಕುತ್ತಿಗೆಯ ನರ ಉಬ್ಬುವುದು, ಕಣ್ಣಲ್ಲಿ ನೀರು ಬರುವುದು ಕಾಣುತ್ತಿತ್ತು. ನನ್ನಿಂದ ಆಗುತ್ತಿರಲಿಲ್ಲ. ಮರುಕದಿಂದ ಹೇಳಿಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಆ ಮೌನ ಸಹಿಸಲಾಗದೆ ನನ್ನನ್ನು ನಾನು ಉಳಿಸಿಕೊಳ್ಳುತ್ತಿದ್ದೆ ಅನ್ನಿಸುತ್ತದೆ.

ಕಾದವರು ಅಕ್ಕಾರು. ಅವರು ಏನೂ ವಿಶೇಷ ಮಾಡಲಿಲ್ಲ. ಸರ್ ಎದುರು ಮೊರ ಹಿಡಿದು ಅಕ್ಕಿಯಲ್ಲಿನ ಹರಳು ಆರಿಸುತ್ತ ಕೂರುತ್ತಿದ್ದರು. ಸರ್ ಒಂದು ಪದ ಅಂದು ನಿಂತರೆ ಅಕ್ಕಾರು ತಲೆ ಎತ್ತುತ್ತಲೂ ಇರಲಿಲ್ಲ. ಹರಳು ಆರಿಸುತ್ತಿದ್ದರು. ಒಂದು ಸಂಜೆ ನಾನು ಮೆಟ್ಟಿಲು ಇಳಿಯುವಾಗ ಒಳಗಿನಿಂದ ಸರ್ ದನಿ ಕೇಳಿತು.

"ನಾ ಉಂಡೆ." ಬಹಳ ಹೊತ್ತು ಏನೂ ಇಲ್ಲ. ಮೊರದಲ್ಲಿ ಅಕ್ಕಿಯ ಸದ್ದು. ಆಮೇಲೆ, "ನೀನೂ ಉಣ್ಣು."

ನೀನೂ ಅಂದರು. ಬಾಲ ಬಂದಿತ್ತು. ಅಕ್ಕಾರು, "ಉಣ್ತೀನಿ, ಇಷ್ಟು ಮುಗಿಸಿ" ಅಂದರು, ಏನೂ ಆಗಿಲ್ಲವೆಂಬಂತೆ. ನಾನು ಮೆಟ್ಟಿಲಲ್ಲೇ ಕೂತೆ. ಸಂತೋಷವಾಯಿತು. ಅದರ ಜೊತೆಗೇ ಇನ್ನೊಂದು ಸಂಗತಿಯೂ ಗೊತ್ತಾಯಿತು. ನನ್ನ ಎದುರಿಗೆ ಅವರು ಇಷ್ಟು ಉದ್ದದ ಮಾತು ಒಮ್ಮೆಯೂ ಆಡಿರಲಿಲ್ಲ. ನಾನು ಬಂದರೆ ಅವರಿಗೆ ಮಾತಿನ ಕೆಲಸವೇ ಇರುತ್ತಿರಲಿಲ್ಲ.

ಇಷ್ಟು ಗೊತ್ತಾದ ಮೇಲಾದರೂ ನಾನು ಬದಲಾಗಬೇಕಿತ್ತು.

ನನಗೆ ಮಧ್ಯಾಹ್ನದ ಪಾಳಿ ಇದ್ದ ವಾರ. ಡ್ಯೂಟಿಗೆ ಹೋಗುವ ಮೊದಲು ಸರ್‌ನ ಮಾತಾಡಿಸಿ ಹೋಗೋಣ ಎಂದು ಒಳಗೆ ಹೋದೆ. ಸರ್ ಕುರ್ಚಿಯಲ್ಲಿ ಕೂತಿದ್ದರು, ಅಕ್ಕಾರು ಪಕ್ಕದಲ್ಲಿ ಮೊರ ಹಿಡಿದಿದ್ದರು. ಹಿಂದಿನ ದಿನ ನಾನು ಬರೆದ ರಿಪೋರ್ಟು ಸರ್ ತೊಡೆಯ ಮೇಲಿತ್ತು. ತಿದ್ದಲು ಆಗದಿದ್ದರೂ ನಾನು ಕೊಡುತ್ತಿದ್ದೆ, ಅವರು ನೋಡುತ್ತಿದ್ದರು. ಸರ್ ಹಾಳೆ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ. ಆಗ ಎಡಗೈಯ ತೋರುಬೆರಳು ಎತ್ತಿದರು.

ಕಾಯಿಲೆ ಬಿದ್ದ ಮೇಲೆ ಅವರು ಆ ಬೆರಳು ಎತ್ತಿದ್ದು ನಾನು ನೋಡಿದ್ದು ಅದೇ ಮೊದಲು.

"ನೀನು" ಅಂದರು. ನಿಂತರು. "ಬರೇ." ಮತ್ತೆ ನಿಂತರು. "ವಿದ್ಯಾರ್ಥಿ ಅಲ್ಲ."

ಅಕ್ಕಾರ ಕೈ ಮೊರದಲ್ಲಿ ನಿಂತಿತು. ಬೆರಳು ಮೇಲೆಯೇ ಇತ್ತು. ಮೊಣಕೈಗೆ ಆಸರೆ ಕೊಡಲು ಬಲಗೈ ಏಳುತ್ತಿರಲಿಲ್ಲ. ನಾಟ್ ಓನ್ಲಿ ಬಂದಿದೆ, ಮಾತು ಮುಗಿದಿಲ್ಲ, ಇನ್ನೊಂದು ಪಾಲಿದೆ ಎಂದು ಚಾಪೆಯ ಮೇಲೆ ಕೂತ ಯಾವ ಮಗುವಿಗೂ ಗೊತ್ತಾಗುತ್ತಿತ್ತು. ಓಣಿಯ ತುದಿಯಲ್ಲಿ ಕಂಪನಿಯ ಬಸ್ಸು ಹಾರ್ನ್ ಹೊಡೆಯಿತು. ಅದು ಯಾವಾಗಲೂ ಹೊಡೆಯುತ್ತದೆ, ಎಲ್ಲರೂ ಹತ್ತುವವರೆಗೆ ನಿಂತಿರುತ್ತದೆ. ಅದನ್ನು ನೆಪ ಮಾಡಲಾರೆ. ನನಗೆ ಕಣ್ಣು ತುಂಬಿತ್ತು. ಆ ಖಾಲಿ ಜಾಗಕ್ಕೆ ಯಾವ ಮಾತು ಬೀಳಬೇಕೆಂದು ನನ್ನ ಆಸೆ ಇತ್ತೋ ಅದನ್ನೇ ತುಂಬಿಬಿಟ್ಟೆ.

"ಮಗಳೂ ಹೌದು ಅಂತೀರಿ ಹೌದಲ್ರಿ ಸರ? ಗೊತ್ತೈತಿ ಬಿಡ್ರಿ."

ಸರ್ ನನ್ನನ್ನು ನೋಡಿದರು. ಬಾಯಿ ಸ್ವಲ್ಪ ತೆರೆದೇ ಇತ್ತು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಇಳಿಸಿದರು. ಎಳೆದಿದ್ದ ಬಾಯಲ್ಲೇ ನಕ್ಕರು. ನನಗೆ ಬೇಸರವಾಗಬಾರದೆಂದು ನಕ್ಕರೋ, ನಿಜಕ್ಕೂ ನಕ್ಕರೋ. ನಾನು ಬ್ಯಾಗು ಹೆಗಲಿಗೆ ಹಾಕಿ, "ನಾಳಿ ಬರ್ತೀನ್ರಿ" ಎಂದು ಓಡಿದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಸಂತೋಷದಿಂದ ಅತ್ತೆ.

ಮರುದಿನ ಬೆಳಿಗ್ಗೆ ಸರ್ ಏಳಲಿಲ್ಲ. ನಿದ್ದೆಯಲ್ಲೇ ಎರಡನೆಯ ಸಲ ನಾಳ ಕಟ್ಟಿ ಹೋಗಿದ್ದಾರೆ ಎಂದರು ಡಾಕ್ಟರು.

ಮಗಳು ಸೊಲ್ಲಾಪುರದಿಂದ ಬಂದಳು. ಬಂದವರೆಲ್ಲ ಹೋದ ಮೇಲೆ, ಹೊರಗಿನ ಕೋಣೆಯಲ್ಲಿ ಅಕ್ಕಾರು ಗೋಡೆಗೆ ಒರಗಿ ಕೂತಿದ್ದರು. ಮಗಳು ಮಕ್ಕಳ ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದಳು. ನಾನು ಚಹಾ ಮಾಡಿ ತಂದೆ.

"ಅಕ್ಕಾ, ಹಿಂದಿನ ದಿನ ನೀವು ಬಂದಿದ್ರಂತ" ಎಂದು ಮಗಳು ನನಗೆ ಅಂದಳು. "ಅಪ್ಪ ಏನರ ಹೇಳಿದ್ರೇನು?"

ನಾನು ಕಪ್ಪು ಕೆಳಗಿಟ್ಟೆ. ಬಸ್ಸಿನಲ್ಲಿ ಅಳುತ್ತ ಹೋದಾಗ ಆ ವಾಕ್ಯ ಪೂರ್ತಿ ನನ್ನದಾಗಿತ್ತು. ಅವರ ಮಗಳ ಮುಂದೆ ನಿಂತಾಗ, ಅದರ ಎರಡನೇ ಪಾಲು ಈ ಹುಡುಗಿಯದು, ನಾನು ನನ್ನ ಬಾಯಿಂದ ಎತ್ತಿಕೊಂಡದ್ದು ಎಂದು ತಿಳಿಯಿತು.

"ಹೇಳಿದ್ರು" ಅಂದೆ. "ನೀನು ಬರೇ ವಿದ್ಯಾರ್ಥಿ ಅಲ್ಲ ಅಂದ್ರು."

ಅವಳು ಚಾಪೆ ಹಿಡಿದೇ ನಿಂತಳು. ಅಪ್ಪನ ಮಗಳು. ಅವಸರ ಮಾಡಲಿಲ್ಲ. ಕಾದಳು.

"ಆಮ್ಯಾಲ?" ಎಂದು ಕೊನೆಗೆ ಕೇಳಿದಳು.

"ಆಮ್ಯಾಲ ನಾ ಬಾಯಿ ಹಾಕಿದೆ."

ನಾನು ಅಕ್ಕಾರ ಪಕ್ಕದಲ್ಲಿ ಕೂತು ಕೇಳಿದೆ, "ಅಕ್ಕಾರ, ಅವರು ಏನ್ ಹೇಳೋರಿದ್ರು? ನೀವು ಇಷ್ಟು ವರ್ಷ ಬಾಳ್ವಿ ಮಾಡೀರಿ. ನಿಮಗ ಗೊತ್ತಿರತೈತಿ."

ಅಕ್ಕಾರು ಸೆರಗಿನಿಂದ ಮುಖ ಒರೆಸಿಕೊಂಡರು.

"ನನಗೇನ್ ಗೊತ್ತವಾ. ಅವರು ಹೇಳಿದ್ರ ಗೊತ್ತಾಗ್ತಿತ್ತು."

ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಕೈ ಹಿಡಿದುಕೊಂಡೇ ಹೇಳಿದರು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗಳು ಆಮೇಲೆ, "ಮಗಳು ಅಂತಾನ ಹೇಳೋರಿದ್ರು ಬಿಡ್ರಿ ಅಕ್ಕಾ, ಮತ್ತೇನ್ ಹೇಳ್ತಾರ" ಅಂದಳು. ಒಳ್ಳೆಯ ಮನಸ್ಸಿನವಳು. ಆದರೆ ಈಗ ಅವಳೂ ತುಂಬುತ್ತಿದ್ದಳು. ಮಗಳು ಎಂದೇ ಇರಬಹುದು. ನೆರೆಮನೆಯವಳು ಎಂದಿರಬಹುದು. ನೀನು ಬರೇ ವಿದ್ಯಾರ್ಥಿ ಅಲ್ಲ, ಇನ್ನು ಮೇಲೆ ಈ ಮಕ್ಕಳಿಗೆ ನೀನೇ ಹೇಳಿಕೊಡಬೇಕು ಎಂದಿರಬಹುದು. ನೀನು ಬರೇ ವಿದ್ಯಾರ್ಥಿ ಅಲ್ಲ, ಭಾಳ ಮಾತಾಡ್ತಿ ಎಂದೂ ಇರಬಹುದು. ಸರ್ ಅಂಥವರೇ. ಮೆಚ್ಚುಗೆ ಕೊಡುವಲ್ಲಿ ಜಿಪುಣರು.

ಅಕ್ಕಾರು ಮಗಳ ಜೊತೆ ಸೊಲ್ಲಾಪುರಕ್ಕೆ ಹೋದರು. ಕೆಳಗಿನ ಮನೆಗೆ ಈಗ ಪಟಾನ್‌ಚೆರುವಿನ ಕಂಪನಿಗೆ ಹೋಗುವ ಕುಟುಂಬವೊಂದು ಬಂದಿದೆ. ನೀರು ಬರುವ ದಿನ ಅವರ ಮೋಟಾರೂ ಶುರುವಾಗುತ್ತದೆ. ಜಗಳ ತೆಗೆಯುವವರು ಇಲ್ಲ. ಶ್ರಾವಣಿ ಆಗಾಗ ಮೇಲೆ ಬಂದು ಇಂಗ್ಲಿಷ್ ಪುಸ್ತಕ ತೆರೆದು ಕೂರುತ್ತಾಳೆ. ನನಗೆ ಬರುವಷ್ಟು ಹೇಳಿಕೊಡುತ್ತೇನೆ. ಜೋಡಿನ ಮೊದಲ ಪದ ಸಿಕ್ಕಾಗ ಅವಳು ನನ್ನ ಕೈಯ ಕಡೆ ನೋಡುತ್ತಾಳೆ. ನಾನು ಬೆರಳು ಎತ್ತುವುದಿಲ್ಲ, ಅದು ನನ್ನಿಂದಾಗದು. ಕೈ ಕಟ್ಟಿಕೊಂಡು ಕೂರುತ್ತೇನೆ. ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ. ಹಲ್ಲು ಕಚ್ಚಿ ಕಾಯುತ್ತೇನೆ. ಕಾಯುವುದು ಈಗ ಬಂದಿದೆ.

ಕಾರ್ಖಾನೆಯಲ್ಲಿ ಖಾಲಿ ಕುಳಿ ಬಂದರೆ ಈಗಲೂ ನನ್ನ ಕೈಯೇ ಮೊದಲು ಹೋಗುತ್ತದೆ. ಅಲ್ಲಿ ಅದು ಸರಿ.

ಸರ್ ಕೊಟ್ಟ ಕೊನೆಯ ವಾಕ್ಯದ ಮೊದಲ ಪಾಲು ನನ್ನ ಹತ್ತಿರ ಇದೆ. ಎರಡನೆಯದು ಇಲ್ಲ.